ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯನ್ನು ಅಧ್ಯಯನ ಮಾಡುವ ಬಗೆ: ಕೊಡಗಿನ ವೈದ್ಯರಿಗೊಂದು ಕೈಪಿಡಿ

ಶಸ್ತ್ರಚಿಕಿತ್ಸೆಯ ಕುರಿತ ಅಧ್ಯಯನಗಳು ಹಳಿ ತಪ್ಪುವುದು ಬಹುಪಾಲು ರೋಗಿ ಡಿಸ್ಚಾರ್ಜ್ ಕಾರ್ಡು ಹಿಡಿದು ಬಸ್ಸು ಹತ್ತಿದ ಮೇಲೆ. ಅಲ್ಲಿಯವರೆಗೆ ನಾಡಿ, ರಕ್ತದೊತ್ತಡ, ಜ್ವರ, ಹೊಲಿಗೆಯ ಸ್ಥಿತಿ ಎಲ್ಲವೂ ಕೇಸ್ ಶೀಟಿನಲ್ಲಿ ದಾಖಲಾಗುತ್ತಿರುತ್ತವೆ. ಆಮೇಲೆ ಅವರು ಸಿದ್ದಾಪುರದ ಕಡೆಯ ಯಾವುದೋ ತೋಟದ ಲೈನ್ ಮನೆಗೋ (ಕಾರ್ಮಿಕರ ಸಾಲುಮನೆಗೋ), ಭಾಗಮಂಡಲದಾಚೆಯ ಒಂಟಿ ಮನೆಗೋ ಸೇರಿಕೊಳ್ಳುತ್ತಾರೆ. ಮೂವತ್ತನೆಯ ದಿನ ಅವರ ಗಾಯ ಹೇಗಿತ್ತು ಎಂದು ಹೇಳಬಲ್ಲವರು ಆಸ್ಪತ್ರೆಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಾಗಲಿ, ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಇಂಥ ಅಧ್ಯಯನಕ್ಕೆ ಕೈಹಾಕುವವರು ಕೊನೆಯ ಭೇಟಿಯನ್ನು ಮೊದಲು ಯೋಜಿಸಿ, ಅಲ್ಲಿಂದ ಹಿಂದಕ್ಕೆ ಬರುವುದು ಒಳ್ಳೆಯದು. ಪ್ರಶ್ನೆ, ರೋಗಿಗಳ ಸಂಖ್ಯೆ, ಒಪ್ಪಿಗೆ ಪತ್ರ, ನಮೂನೆ ಎಲ್ಲವೂ ಆ ಭೇಟಿಗೆ ತಕ್ಕಂತೆ ರೂಪುಗೊಳ್ಳಬೇಕು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ತೊಡೆಸಂದಿನ ಹರ್ನಿಯಾಕ್ಕೆ (ಹೊಟ್ಟೆಯ ಗೋಡೆ ಸಡಿಲವಾದೆಡೆ ಒಳಗಿನ ಭಾಗ ಹೊರಚಾಚುವುದಕ್ಕೆ) ಮೆಶ್ ಎಂಬ ಬಲೆ ಹಾಕುವ ಶಸ್ತ್ರಚಿಕಿತ್ಸೆ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಹರ್ನಿಯಾ ಮಾರ್ಗಸೂಚಿಯ ಪ್ರಕಾರ ತೊಡಕಿಲ್ಲದ ಶಸ್ತ್ರಚಿಕಿತ್ಸೆಯ ನಂತರ ದೈಹಿಕ ಚಟುವಟಿಕೆಗೆ ನಿರ್ಬಂಧ ಬೇಕಿಲ್ಲ; ನಿರ್ಬಂಧ ಹೇರಿದರೂ ಹರ್ನಿಯಾ ಮರುಕಳಿಸುವ ಪ್ರಮಾಣದಲ್ಲಿ ವ್ಯತ್ಯಾಸವಾಗದು. ನಮ್ಮಲ್ಲಿ ಮಾತ್ರ ಎರಡು ಮೂರು ತಿಂಗಳು ಭಾರ ಎತ್ತಬೇಡಿ ಎಂಬ ಸಲಹೆ ಇನ್ನೂ ಕೇಳಿಬರುತ್ತದೆ. ದಿನಗೂಲಿಯ ಕಾರ್ಮಿಕನಿಗೆ ಅದು ಎರಡು ಮೂರು ತಿಂಗಳ ಸಂಪಾದನೆಯನ್ನು ಬಿಡಬೇಕೆಂದು ಹೇಳಿದಂತೆಯೇ ಸರಿ. ಆ ಮಾರ್ಗಸೂಚಿಯನ್ನು ಬರೆದವರ ಕಣ್ಣೆದುರಿಗೆ ಇಳಿಜಾರಿನಲ್ಲಿ ಹಸಿ ಕಾಫಿ ಹಣ್ಣಿನ ಮೂಟೆ ಹೊರುವವನು ಇದ್ದಿರಲಾರನು. ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ ಹುಟ್ಟುವುದು ಇಲ್ಲೇ.

ಆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಬೇಕು. "ಹರ್ನಿಯಾ ರೋಗಿಗಳ ಚೇತರಿಕೆಯ ಒಂದು ಅಧ್ಯಯನ" ಎಂಬುದು ಥೀಸಿಸ್ಸಿನ ರಟ್ಟಿನ ಮೇಲೆ ಅಚ್ಚಾಗಬಹುದೇ ಹೊರತು ಅದರಲ್ಲಿ ಪ್ರಶ್ನೆಯಿಲ್ಲ. "ತೊಡೆಸಂದಿನ ಹರ್ನಿಯಾಕ್ಕೆ ಮೊದಲ ಬಾರಿ ಮೆಶ್ ಹಾಕಿಸಿಕೊಂಡ ತೋಟದ ಕಾರ್ಮಿಕರು ಎಷ್ಟು ದಿನಗಳಲ್ಲಿ ತಮ್ಮ ಹಿಂದಿನ ಕೆಲಸಕ್ಕೆ ಮರಳುತ್ತಾರೆ, ಮತ್ತು ತೊಂಬತ್ತನೆಯ ದಿನ ಅವರಲ್ಲಿ ಎಷ್ಟು ಮಂದಿಗೆ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವಿರುತ್ತದೆ" ಎಂದು ಬರೆದರೆ ಯಾರನ್ನು ಸೇರಿಸಿಕೊಳ್ಳಬೇಕು, ಏನನ್ನು ಅಳೆಯಬೇಕು, ಯಾವಾಗ ಅಳೆಯಬೇಕು ಎಂಬ ಮೂರೂ ಸ್ಪಷ್ಟವಾಗುತ್ತವೆ.

ಇದು ಅವಲೋಕನದ ಅಧ್ಯಯನ, ಅಂದರೆ ಚಿಕಿತ್ಸೆಯನ್ನು ಬದಲಿಸದೆ ಆಗುವುದನ್ನು ಗಮನಿಸಿ ದಾಖಲಿಸುವಂಥದ್ದು. ಒಂದು ವಿಧಾನ ಇನ್ನೊಂದಕ್ಕಿಂತ ಮೇಲು ಎಂದು ಹೇಳಬೇಕಾದರೆ ಮಾತ್ರ ಹೋಲಿಕೆಯ ಗುಂಪು, ಸಾಧ್ಯವಾದರೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿದ ಗುಂಪು ಬೇಕು. ಹೋಲಿಕೆಯಿಲ್ಲದೆ ಮಾತಾಡುವುದರ ಅಪಾಯವನ್ನು 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಪ್ರಯೋಗವೊಂದು ತೋರಿಸಿಕೊಟ್ಟಿತು: ಸವೆದ ಮಂಡಿಗೆ ಆರ್ತ್ರೋಸ್ಕೋಪಿ (ಕೀಲಿನೊಳಗೆ ಕೊಳವೆ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಿಗೂ, ಚರ್ಮದ ಮೇಲೆ ಕೇವಲ ಗಾಯ ಮಾಡಿ ಹೊಲಿಗೆ ಹಾಕಿಸಿಕೊಂಡವರಿಗೂ ಎರಡು ವರ್ಷಗಳ ನಂತರ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಪ್ರಯೋಗಕ್ಕೆ ದುಬಾರಿ ಯಂತ್ರವೇ ಬೇಕೆಂದೇನೂ ಇಲ್ಲ. ಭಾರತವೂ ಸೇರಿ ಏಳು ದೇಶಗಳಲ್ಲಿ 13,301 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಕೇಳಿದ್ದು ಇಷ್ಟೇ: ಹೊಟ್ಟೆಯ ಗಾಯವನ್ನು ಮುಚ್ಚುವ ಮೊದಲು ಕೈಗವಸು ಮತ್ತು ಉಪಕರಣಗಳನ್ನು ಬದಲಿಸಿದರೆ ಸೋಂಕು ತಗ್ಗುತ್ತದೆಯೇ? ಸೋಂಕಿನ ಪ್ರಮಾಣ ಶೇ. 18.9ರಿಂದ 16ಕ್ಕೆ ಇಳಿಯಿತು. ಇಂಥ ಪ್ರಶ್ನೆಗಳನ್ನು ನಮ್ಮ ಥಿಯೇಟರ್ ಸಿಸ್ಟರ್‌ಗಳೂ ಕೇಳಬಲ್ಲರು, ಅವರನ್ನು ಕೇಳುವವರು ಬೇಕಷ್ಟೆ.

ಏನನ್ನು ಅಳೆಯುತ್ತೇವೆ ಎಂಬುದನ್ನು ಮೊದಲ ರೋಗಿಯನ್ನು ಸೇರಿಸಿಕೊಳ್ಳುವುದಕ್ಕೆ ಮುಂಚೆಯೇ ಬರೆದಿಡಬೇಕು. ಗಾಯದ ಸೋಂಕಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವ್ಯಾಖ್ಯೆ ಎಲ್ಲೆಡೆ ಬಳಕೆಯಲ್ಲಿದೆ. ಅದರಂತೆ ಚರ್ಮದ ಮಟ್ಟದ ಸೋಂಕನ್ನು 30 ದಿನ, ಹರ್ನಿಯಾದಂಥ ಶಸ್ತ್ರಚಿಕಿತ್ಸೆಗಳಲ್ಲಿ ಆಳದ ಸೋಂಕನ್ನು 90 ದಿನ ಗಮನಿಸಬೇಕು. ಏಳನೆಯ ದಿನ ಹೊಲಿಗೆ ಬಿಚ್ಚಿ "ಸೋಂಕಿಲ್ಲ" ಎಂದು ಬರೆದು ಕಡತ ಮುಚ್ಚಿದರೆ ಲೆಕ್ಕ ಸೇರದು. ಇತರ ತೊಡಕುಗಳನ್ನು 2004ರ ಕ್ಲಾವಿಯನ್-ಡಿಂಡೊ ವರ್ಗೀಕರಣದಂತೆ ಐದು ದರ್ಜೆಗಳಲ್ಲಿ ನಮೂದಿಸಬಹುದು. ತೊಡಕನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂಬುದೇ ಅಲ್ಲಿ ಅಳತೆಗೋಲಾದ್ದರಿಂದ ವೈದ್ಯರ ಅಭಿಪ್ರಾಯಭೇದಕ್ಕೆ ಅವಕಾಶ ಕಡಿಮೆ: ಹಾಸಿಗೆಯ ಬಳಿಯೇ ಗಾಯ ಬಿಡಿಸಿ ಕೀವು ತೆಗೆದರೆ ಒಂದನೆಯ ದರ್ಜೆ, ಆ್ಯಂಟಿಬಯಾಟಿಕ್ ಕೊಡಬೇಕಾಗಿ ಬಂದರೆ ಎರಡು, ಮತ್ತೆ ಥಿಯೇಟರಿಗೆ ಒಯ್ಯಬೇಕಾದರೆ ಮೂರು, ತೀವ್ರ ನಿಗಾ ಘಟಕ ಬೇಕಾದರೆ ನಾಲ್ಕು, ಸಾವು ಐದು.

ಆದರೆ ತೊಡಕು ಇಲ್ಲದಿರುವುದೇ ಚೇತರಿಕೆಯಲ್ಲ. ರೋಗಿಯ ದೃಷ್ಟಿಯಿಂದ ಚೇತರಿಕೆಯನ್ನು ಅಳೆಯಲು 15 ಪ್ರಶ್ನೆಗಳ, 150 ಅಂಕಗಳ ಕ್ಯೂಒಆರ್-15 (QoR-15, ಚೇತರಿಕೆಯ ಗುಣಮಟ್ಟ), ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ 12 ಪ್ರಶ್ನೆಗಳ ಹೂಡಾಸ್ (WHODAS, ದೈನಂದಿನ ಕೆಲಸಗಳಲ್ಲಿನ ಅಡಚಣೆ) ನಮೂನೆಗಳಿವೆ. ಅವುಗಳ ಮಾನ್ಯತೆ ಪಡೆದ ಕನ್ನಡ ರೂಪಕ್ಕಾಗಿ ಮೊದಲು ಹುಡುಕಬೇಕು. ಸಿಗದಿದ್ದರೆ ಒಬ್ಬರು ಕನ್ನಡಕ್ಕೆ, ಮೂಲವನ್ನು ನೋಡಿರದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ಅನುವಾದಿಸಿ, ಎರಡನ್ನೂ ತಾಳೆ ನೋಡಿ, ಕೆಲವು ರೋಗಿಗಳ ಮುಂದೆ ಓದಿ ಪರೀಕ್ಷಿಸಬೇಕು. ರಾತ್ರಿ ಕುಳಿತು ತಾವೇ ಕನ್ನಡಿಸಿದ ನಮೂನೆಯ ಅಂಕಗಳನ್ನು ಹೊರಗಿನ ಅಂಕಗಳೊಂದಿಗೆ ಹೋಲಿಸಲಾಗದು. ಇದರ ಜೊತೆಗೆ ಸ್ಥಳೀಯ ಕೆಲಸಗಳ ಒಂದು ಪುಟ್ಟ ಪಟ್ಟಿ ನಮ್ಮದೇ ಆಗಿರಲಿ: ಬಾವಿಯಿಂದ ನೀರು ತಂದದ್ದು, ಸೌದೆ ಸೀಳಿದ್ದು, ಏಣಿ ಹತ್ತಿ ಕರಿಮೆಣಸು ಕೊಯ್ದದ್ದು, ಮೂಟೆ ಹೊತ್ತದ್ದು. ಪ್ರತಿಯೊಂದನ್ನೂ ಮೊದಲ ಬಾರಿ ಮಾಡಿದ ದಿನಾಂಕ ಸಿಕ್ಕರೆ "ಪೂರ್ಣ ಗುಣಮುಖ" ಎಂಬ ಒಂದು ಷರಾಕ್ಕಿಂತ ಹೆಚ್ಚು ತಿಳಿಯುತ್ತದೆ.

ಸಂಖ್ಯೆಯ ವಿಚಾರ. ಮೊದಲು ಹೇಳಿದ ಅಂತರರಾಷ್ಟ್ರೀಯ ಹರ್ನಿಯಾ ಮಾರ್ಗಸೂಚಿಯ ಪ್ರಕಾರ ತೊಡೆಸಂದಿನ ಹರ್ನಿಯಾದ ನಂತರ ಗಣನೀಯವಾದ ದೀರ್ಘಕಾಲದ ನೋವು ಶೇ. 10ರಿಂದ 12ರಷ್ಟು ಮಂದಿಯಲ್ಲಿ ಉಳಿಯುತ್ತದೆ. ಶೇ. 10 ಎಂದಿಟ್ಟುಕೊಂಡು, ಅದನ್ನು ಅತ್ತಿತ್ತ 5 ಅಂಶಗಳ ನಿಖರತೆಯಲ್ಲಿ (ಅಂದರೆ ಶೇ. 5ರಿಂದ 15ರ ನಡುವೆ), ಶೇ. 95ರ ವಿಶ್ವಾಸದಲ್ಲಿ ಅಂದಾಜಿಸಲು 139 ರೋಗಿಗಳು ಬೇಕು. ಐದರಲ್ಲೊಬ್ಬರು ಕೈತಪ್ಪುತ್ತಾರೆಂದು ಭಾವಿಸಿದರೆ 139ನ್ನು 0.8ರಿಂದ ಭಾಗಿಸಿ 174 ಮಂದಿಯನ್ನು ಸೇರಿಸಿಕೊಳ್ಳಬೇಕು. ವರ್ಷಕ್ಕೆ ನಿಮ್ಮ ಆಸ್ಪತ್ರೆಯಲ್ಲಿ ಅಷ್ಟು ಹರ್ನಿಯಾ ಶಸ್ತ್ರಚಿಕಿತ್ಸೆಗಳು ಆಗುತ್ತವೆಯೇ ಎಂದು ಥಿಯೇಟರ್ ರಿಜಿಸ್ಟರನ್ನು ತೆರೆದು ಎಣಿಸಿ. ಆಗದಿದ್ದರೆ ಇನ್ನೊಂದು ಆಸ್ಪತ್ರೆಯನ್ನು ಜೊತೆಗೆ ಸೇರಿಸಿಕೊಳ್ಳಿ, ಇಲ್ಲವೇ ಪ್ರಶ್ನೆಯನ್ನು ಬದಲಿಸಿ.

ಕೊಡಗಿನಲ್ಲಿ ರೋಗಿಗಳು ಬರುವುದಕ್ಕೂ ಋತುಮಾನವಿದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅಲ್ಲಿಂದ ಮಾರ್ಚಿನವರೆಗೆ ನಡೆಯುವಾಗ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಜನ ಮುಂದೂಡುತ್ತಾರೆ; ಕೊಯ್ಲಿಗೆಂದು ಹೊರ ರಾಜ್ಯಗಳಿಂದ ಬಂದವರು ಕೊಯ್ಲು ಮುಗಿದೊಡನೆ ಊರು ಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಡ್ರೆಸ್ಸಿಂಗೂ ಒಣಗಿರುವುದಿಲ್ಲ, ಕಾವೇರಿ ಉಕ್ಕಿದರೆ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಬೇಸಗೆಯಲ್ಲಿ ಮಾತ್ರ ರೋಗಿಗಳನ್ನು ಸೇರಿಸಿಕೊಂಡ ಅಧ್ಯಯನವು ಮಳೆಗಾಲದ ಗಾಯದ ಬಗ್ಗೆ ಏನನ್ನೂ ಹೇಳಲಾರದು. ಸೇರ್ಪಡೆ ಪೂರ್ತಿ ಒಂದು ವರ್ಷ ನಡೆಯಲಿ.

ಅನುಮತಿಗಳ ವಿಷಯವನ್ನು ಬೇಗ ಮುಗಿಸೋಣ. 2019ರ ನಿಯಮಗಳ ನಂತರ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನಿಮ್ಮ ಆಸ್ಪತ್ರೆಯಲ್ಲಿ ಸಮಿತಿ ಇಲ್ಲದಿದ್ದರೆ ಬೇರೆ ಸಂಸ್ಥೆಯ ಸಮಿತಿಯನ್ನು ಒಪ್ಪಂದದ ಮೂಲಕ ಬಳಸಿಕೊಳ್ಳಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಚಿಕಿತ್ಸೆಯನ್ನು ಬದಲಿಸಿ ನೋಡುವ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಬೇಕೇ ಬೇಕು, ಮತ್ತು 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿಯ ಸೇರ್ಪಡೆಗೆ ಮುಂಚಿನ ಅರ್ಜಿಗಳನ್ನು ಮಾತ್ರ ಸ್ವೀಕರಿಸುತ್ತಾರೆ. ಅವಲೋಕನದ ಅಧ್ಯಯನವನ್ನೂ ಅಲ್ಲಿ ನೋಂದಾಯಿಸುವುದು ಒಳ್ಳೆಯದು. ಮುಂದೆ ಪತ್ರಿಕೆಯ ಸಂಪಾದಕರು ಕೇಳಿದಾಗ ತೊಂದರೆಯಿರುವುದಿಲ್ಲ.

ಒಪ್ಪಿಗೆಯ ವಿಷಯವನ್ನು ಹಾಗೆ ಬೇಗ ಮುಗಿಸಲಾಗದು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಬೇರೆ, ಸಂಶೋಧನೆಯ ಒಪ್ಪಿಗೆ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ಹೆಬ್ಬೆಟ್ಟಿನಲ್ಲಿ ಮುಗಿಸುವ ರೂಢಿಯನ್ನು ಬಿಡಬೇಕು. ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿರುವವರು ಯಾವ ಕಾಗದಕ್ಕೂ ಬೇಡವೆನ್ನುವುದಿಲ್ಲ, ಆದ್ದರಿಂದ ಹಿಂದಿನ ದಿನವೇ, ಮನೆಯವರು ಜೊತೆಗಿರುವಾಗ ಮಾತಾಡಬೇಕು. "ನೀವು ಸೇರದಿದ್ದರೂ ಇದೇ ಆಪರೇಷನ್, ಇದೇ ಔಷಧಿ, ನಡುವೆ ಬೇಡವೆನಿಸಿದರೆ ಕಾರಣ ಹೇಳದೆ ಬಿಡಬಹುದು" ಎಂಬ ಮಾತನ್ನು ಓದಿ ಹೇಳಿದರೆ ಸಾಲದು. ಅವರ ಬಾಯಲ್ಲೇ ತಿರುಗಿ ಕೇಳಿಸಿಕೊಳ್ಳಬೇಕು. ಓದು ಬಾರದವರಿಗೆ ಅಧ್ಯಯನದೊಂದಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮಾತುಕತೆ ಮುಗಿಯುವವರೆಗೂ ಇರಬೇಕು ಮತ್ತು ಸಹಿ ಹಾಕಬೇಕು.

ಭಾಷೆಯ ತೊಡಕು ಇಲ್ಲಿ ದೊಡ್ಡದು. ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವರ ಮಾತು, ಅಸ್ಸಾಮಿನಿಂದ ಬಂದವರ ಮಾತು ಎಲ್ಲವೂ ಕೇಳಿಬರುತ್ತವೆ. ದುಭಾಷಿ ಬೇಕಾದಾಗ ರೋಗಿಯೊಂದಿಗೆ ಬಂದ ತೋಟದ ರೈಟರನ್ನು (ಲೆಕ್ಕ ಬರೆಯುವವರನ್ನು) ಬಳಸಿಕೊಳ್ಳುವುದು ಸುಲಭ. ಆದರೆ ಸಂಬಳದ ಪುಸ್ತಕ ಅವರ ಕೈಯಲ್ಲೇ ಇರುವಾಗ ಕಾರ್ಮಿಕನ "ಆಯ್ತು ಸಾರ್" ಯಾರಿಗೆ ಹೇಳಿದ್ದು ಎಂದು ತಿಳಿಯುವ ದಾರಿಯಿಲ್ಲ. ರೋಗಿಯ ಭಾಷೆ ಬಲ್ಲ ನರ್ಸ್ ಅಥವಾ ಆಶಾ ಕಾರ್ಯಕರ್ತೆ ಮೇಲು. ಹಾಗೆಯೇ ಸಂಶೋಧನೆಗಾಗಿ ಹೆಚ್ಚುವರಿ ಭೇಟಿ ಬೇಕಾದರೆ ಬಸ್ ಚಾರ್ಜು ಅಧ್ಯಯನದ ಲೆಕ್ಕಕ್ಕೆ ಸೇರಬೇಕು, ರೋಗಿಯ ಕಿಸೆಗೆ ಕೈ ಹಾಕಬಾರದು.

ಇನ್ನು ಫಾಲೋ-ಅಪ್. ಬಾರದೆ ಉಳಿದವರು ಎಲ್ಲರೂ ಒಂದೇ ತೆರನಾಗಿರುವುದಿಲ್ಲ: ಕೆಲವರು ಚೆನ್ನಾಗಿದ್ದು ಕೆಲಸಕ್ಕೆ ಹೋಗಿರುವುದರಿಂದ ಬರುವುದಿಲ್ಲ, ಇನ್ನು ಕೆಲವರು ಗಾಯ ಕೆಟ್ಟು ಮೈಸೂರಿಗೋ ಮಂಗಳೂರಿಗೋ ಹೋಗಿರುವುದರಿಂದ ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿದರೆ ಸೋಂಕಿನ ಪ್ರಮಾಣ ನಿಜಕ್ಕಿಂತ ಕಡಿಮೆಯಾಗಿಯೂ ಕಾಣಬಹುದು, ಹೆಚ್ಚಾಗಿಯೂ ಕಾಣಬಹುದು. ಆದ್ದರಿಂದ ದಾಖಲಾದ ದಿನವೇ ಎರಡು ಫೋನ್ ನಂಬರ್, ಅವುಗಳಲ್ಲಿ ಒಂದಾದರೂ ನೆರೆಮನೆಯವರದು ಅಥವಾ ನೆಂಟರದು, ತೋಟದ ಹೆಸರು, ಬಸ್ಸಿಳಿಯುವ ಜಾಗ, ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರ, ಹಾಗೂ ಅವರಿಗೆ ಸಿಗ್ನಲ್ ಸಿಗುವ ಹೊತ್ತು ಇವನ್ನು ಬರೆದುಕೊಳ್ಳಿ. ಹಲವು ಲೈನ್ ಮನೆಗಳಿಂದ ಫೋನ್ ಹತ್ತುವುದು ರಸ್ತೆಯ ತಿರುವಿಗೆ ಬಂದಾಗ ಮಾತ್ರ. ಭೇಟಿಯ ದಿನವನ್ನು ಶುಕ್ರವಾರ ಇಟ್ಟರೆ ಮಡಿಕೇರಿ ಸಂತೆಗೆ ಬರುವವರು ಆಸ್ಪತ್ರೆಗೂ ಬರುತ್ತಾರೆ. ಹುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ದಿನಗಳನ್ನು ಬಿಟ್ಟುಬಿಡಿ.

ಫೋನಿನಲ್ಲಿ ಕೇಳುವ ಪ್ರಶ್ನೆಯೂ ಮೊದಲೇ ಬರೆದಿಟ್ಟದ್ದಾಗಿರಬೇಕು. "ಹೇಗಿದ್ದೀರಿ ಅಣ್ಣ?" ಎಂದರೆ "ಪರವಾಗಿಲ್ಲ ಸಿಸ್ಟರ್" ಎಂಬ ಉತ್ತರ ಬರುತ್ತದೆ, ಗಾಯದಿಂದ ಕೀವು ಸೋರುತ್ತಿದ್ದರೂ ಅದೇ ಉತ್ತರ. "ನಿನ್ನೆ ಮನೆಗೆ ನೀರು ತಂದವರು ಯಾರು?", "ಒಳಚಡ್ಡಿಗೆ ಕಲೆ ಅಂಟುತ್ತಿದೆಯೇ?", "ಮೆಡಿಕಲ್ ಶಾಪಿನಿಂದ ಏನಾದರೂ ಮಾತ್ರೆ ತಂದಿರಾ?", "ಬೇರೆ ಯಾವ ಡಾಕ್ಟರಿಗೆ ತೋರಿಸಿದಿರಿ?" ಎಂದು ಕೇಳಿದರೆ ನಿಜಸ್ಥಿತಿ ಹೊರಬರುತ್ತದೆ. ಕೇಳುವವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಾಗಿರಬಾರದು. ತನ್ನನ್ನು ಆಪರೇಷನ್ ಮಾಡಿದವರ ಮುಂದೆ ನೋವಿದೆ ಎನ್ನಲು ನಮ್ಮ ಜನ ಹಿಂಜರಿಯುತ್ತಾರೆ, ವೈದ್ಯರಿಗೂ ತಮ್ಮ ಕೈಕೆಲಸದಲ್ಲಿ ಕುಂದು ಕಾಣುವುದು ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಗಾಯದ ಫೋಟೊ ತರಿಸಿಕೊಳ್ಳುವುದಾದರೆ ಅದಕ್ಕೂ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಬೇಕು. ಮುಖ ಕಾಣಬಾರದು, ಚಿತ್ರ ಅಧ್ಯಯನದ ಕಂಪ್ಯೂಟರಿಗೆ ಸೇರಿದೊಡನೆ ಸ್ವಂತ ಫೋನಿನಿಂದ ಅಳಿಸಬೇಕು. ಮಾತಿನ ನಡುವೆ ಜ್ವರ, ಊತ, ಕೀವಿನ ಸುಳಿವು ಸಿಕ್ಕರೆ ಪ್ರಶ್ನಾವಳಿಯನ್ನು ಬದಿಗಿಟ್ಟು ರೋಗಿಯನ್ನು ಕೂಡಲೇ ಕರೆಸಿಕೊಳ್ಳಬೇಕು. ಇದನ್ನು ಯಾರು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಪ್ರೋಟೊಕಾಲ್‌ನಲ್ಲೇ ಬರೆದಿಡಿ.

ದಾಖಲೆಗೆ ಒಂದು ಕಾಗದದ ನಮೂನೆ ಮತ್ತು ಒಂದು ಎಕ್ಸೆಲ್ ಹಾಳೆ ಸಾಕು. ಒಬ್ಬ ರೋಗಿಗೆ ಒಂದು ಸಾಲು, ಹೆಸರಿನ ಬದಲು ಸಂಕೇತ ಸಂಖ್ಯೆ, ಹೆಸರಿನ ಪಟ್ಟಿ ಬೇರೆ ಬೀರುವಿನಲ್ಲಿ. ಖಾಲಿ ಉಳಿದ ಜಾಗಕ್ಕೆ ಸೊನ್ನೆ ತುಂಬಬೇಡಿ. "ಕೇಳಲಿಲ್ಲ" ಮತ್ತು "ಇಲ್ಲ" ಎರಡಕ್ಕೂ ಬೇರೆ ಬೇರೆ ಗುರುತಿರಲಿ. ಆಪರೇಷನ್ ಮಾಡಿದವರು ಎಷ್ಟು ಅನುಭವಿಗಳು ಎಂಬುದೂ ಒಂದು ಕಾಲಮ್ಮಿನಲ್ಲಿ ಬರಲಿ, ಏಕೆಂದರೆ ಶಸ್ತ್ರಚಿಕಿತ್ಸೆಯಲ್ಲಿ ಮಾತ್ರೆಯಂತೆ ಎಲ್ಲರ ಕೈಯಲ್ಲೂ ಒಂದೇ ಡೋಸ್ ಇರುವುದಿಲ್ಲ.

ವರದಿ ಬರೆಯುವಾಗ ಎಷ್ಟು ಮಂದಿಯನ್ನು ಕೇಳಿದಿರಿ, ಎಷ್ಟು ಮಂದಿ ಒಪ್ಪಿದರು, ಮೂವತ್ತನೆಯ ಮತ್ತು ತೊಂಬತ್ತನೆಯ ದಿನ ಎಷ್ಟು ಮಂದಿ ಸಿಕ್ಕರು ಎಂಬುದನ್ನು ಮೊದಲ ಚಿತ್ರದಲ್ಲೇ ತೋರಿಸಿ. ಸಿಗದವರ ವಯಸ್ಸು, ಕೆಲಸ, ಊರಿನ ದೂರ ಇವು ಸಿಕ್ಕವರಿಗಿಂತ ಹೇಗೆ ಭಿನ್ನವಾಗಿದ್ದವು ಎಂಬ ಒಂದು ಕೋಷ್ಟಕ ಅದರ ಕೆಳಗಿರಲಿ. ಪ್ರಬಂಧ ಪ್ರಕಟವಾಗುವವರೆಗೆ ಕಾಯದೆ ಫಲಿತಾಂಶವನ್ನು ಒಂದು ಪುಟದ ಸರಳ ಕನ್ನಡದಲ್ಲಿ ಬರೆದು ಪಾಲ್ಗೊಂಡವರಿಗೆ ಕಳುಹಿಸಿ, ಓದಲಾರದವರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಸಿ. ಭಾರ ಎತ್ತುವ ಬಗ್ಗೆ ನಿಮ್ಮ ಡಿಸ್ಚಾರ್ಜ್ ಕಾರ್ಡಿನಲ್ಲಿ ಅಚ್ಚಾಗಿರುವ ಸಾಲು ಫಲಿತಾಂಶಕ್ಕೆ ಹೊಂದದಿದ್ದರೆ ವಿಭಾಗದ ಮುಂದಿನ ಸಭೆಯಲ್ಲೇ ಅದನ್ನು ಚರ್ಚೆಗಿಡಿ. ಮುಂದಿನ ಮುದ್ರಣಕ್ಕೆ ಕಾರ್ಡಿನ ಪ್ರತಿ ಹೋಗುವ ಮೊದಲು ಹೊಸ ವಾಕ್ಯ ಸಿದ್ಧವಾಗಿರಲಿ.