ಬಿಸಿ ಕೀಮಾ ಚೀಸ್ ಡಿಪ್ ಎಣ್ಣೆ ಬಿಡದಿರಲು

ತುರಿದ 200 ಗ್ರಾಂ ಚೀಸ್‌ಗೆ ಮೊದಲೇ ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿಡಿ. ಮುಕ್ಕಾಲು ಲೋಟ ಹಾಲು ಕುದಿ ಬಂದ ಮೇಲೆ ಉರಿ ತೀರಾ ಸಣ್ಣ ಮಾಡಿ, ಚೀಸನ್ನು ಸ್ವಲ್ಪಸ್ವಲ್ಪವೇ ಹಾಕಿ ತಿರುವಿ. ಜೋರು ಉರಿಗೆ ಚೀಸ್‌ನ ಪ್ರೋಟೀನ್ ಗಂಟು ಕಟ್ಟಿ ಎಣ್ಣೆ ಬಿಡುತ್ತದೆ, ಹಿಟ್ಟು ಅದನ್ನು ತಡೆಯುತ್ತದೆ. ಹುರಿದ ಕೀಮಾ ಕೊನೆಗೆ. ಬೀಫ್ ಆಗಲಿ, ಮಟನ್ ಆಗಲಿ, ನೀರು ಇಂಗಿರಬೇಕು, ಕೊಬ್ಬು ಬಸಿದಿರಬೇಕು. ಇಲ್ಲದಿದ್ದರೆ ಬರೀ ಜಿಡ್ಡು. ನಮ್ಮ ಚಿಕ್ಕಮಗಳೂರಿನ ಮಳೆಗಾಲದ ಚಳಿಗೆ ಡಿಪ್ ಬೇಗ ಗಟ್ಟಿಯಾಗುತ್ತದೆ ಅಲ್ವಾ, ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ. ಬರೀ ಮೊಝರೆಲ್ಲಾ ಹಾಕಿದರೆ ಮಾತ್ರ ಕಾರ್ನ್‌ಫ್ಲೋರ್ ಉಪಾಯ ನಡೆಯುವುದಿಲ್ಲ, ದಾರದಾರವಾಗುತ್ತದೆ. ನಿಂಬೆರಸ ಹಿಂಡಿದರೂ ಹಾಲು ಒಡೆಯುತ್ತದೆ. ಅದ್ದಿಕೊಳ್ಳಲು ಚಿಪ್ಸ್‌ಗಿಂತ ಗರಿಗರಿ ಅಕ್ಕಿರೊಟ್ಟಿ ಚೂರೇ ನನಗೆ ಇಷ್ಟ.