ಕ್ರೆಸ್ಟ್ ಗೇಟ್: ಪದದ ಅರ್ಥ ಮತ್ತು ಸರಿಯಾದ ಬಳಕೆ

ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯ ತುಂಬುತ್ತಾ ಬಂದಂತೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ‘ಕ್ರೆಸ್ಟ್ ಗೇಟ್’ ಎಂಬ ಇಂಗ್ಲಿಷ್ ಜೋಡಿಪದ ಎಲ್ಲರ ಬಾಯಲ್ಲಿರುತ್ತದೆ. ಆದರೆ ಸುದ್ದಿ ಬರೆಯುವಾಗ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸುವಾಗ ಅದನ್ನು ಕಾಲುವೆಯ ಗೇಟಿಗೂ ಹಚ್ಚುವುದುಂಟು. ನದಿದಂಡೆಯ ರೈತರು ಪಂಪ್‌ಸೆಟ್ ಮೇಲಕ್ಕೆ ಸಾಗಿಸಬೇಕೋ ಬೇಡವೋ ಎಂಬುದನ್ನು ಇಂಥ ಸುದ್ದಿ ನೋಡಿಯೇ ತೀರ್ಮಾನಿಸುವುದರಿಂದ ಈ ಪದವನ್ನು ಕರಾರುವಾಕ್ಕಾಗಿ ಬಳಸಬೇಕು.

ಇಂಗ್ಲಿಷಿನ ಇಂಥ ಜೋಡಿಪದಗಳಲ್ಲಿ, ನಮ್ಮ ತತ್ಪುರುಷ ಸಮಾಸದಲ್ಲಿರುವಂತೆಯೇ, ಉತ್ತರಪದದ ಅರ್ಥವೇ ಪ್ರಧಾನ. ಇಲ್ಲಿ ವಸ್ತು ಗೇಟು. ಅದು ಎಲ್ಲಿಯ ಗೇಟು ಎಂಬುದನ್ನು ‘ಕ್ರೆಸ್ಟ್’ ತಿಳಿಸುತ್ತದೆ. ಕ್ರೆಸ್ಟ್ ಎಂದರೆ ನೆತ್ತಿ. ಕೆರೆಗೆ ಕೋಡಿ ಇರುವಂತೆ ಅಣೆಕಟ್ಟಿಗೂ ಹೆಚ್ಚುವರಿ ನೀರು ಹೊರಬೀಳುವ ಭಾಗವೊಂದಿದ್ದು, ಆ ಕೋಡಿಯ ನೆತ್ತಿಯ ಮೇಲೆ ನಿಲ್ಲಿಸಿದ ಗೇಟೇ ಕ್ರೆಸ್ಟ್ ಗೇಟ್. ತುಂಗಭದ್ರಾ ಅಣೆಕಟ್ಟಿನಲ್ಲಿ ಇಂಥ 33 ಗೇಟುಗಳಿದ್ದು, ಪ್ರತಿಯೊಂದೂ 60 ಅಡಿ ಅಗಲ, 20 ಅಡಿ ಎತ್ತರವಿದೆ. ಸಮುದ್ರಮಟ್ಟದಿಂದ ಅಳೆದರೆ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಗೇಟುಗಳು ಕೂರುವ ನೆತ್ತಿ 1613 ಅಡಿಯಲ್ಲಿದೆ. ಹಾಗಾಗಿ ನೀರಿನ ಮಟ್ಟ 1613 ಅಡಿಗಿಂತ ಕೆಳಗಿದ್ದಾಗ ಎಲ್ಲ ಗೇಟುಗಳನ್ನು ತೆರೆದರೂ ಅವುಗಳ ಮೂಲಕ ಹನಿ ನೀರೂ ಹರಿಯುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಘಟನೆಯನ್ನು ವಿವರಿಸುವಾಗಲೂ ಈ ಲೆಕ್ಕ ನೆನಪಿರಬೇಕು. ಅಂದು ಅಪಾಯಕ್ಕೆ ಸಿಕ್ಕಿದ್ದು ಡ್ಯಾಂನ ಅಷ್ಟೂ ನೀರಲ್ಲ, ನೆತ್ತಿಯ ಮೇಲಿನ ನೀರು. ಅದೇನೂ ಸಣ್ಣ ಪಾಲಲ್ಲ: ಜಲಾಶಯ ಮೇಲೇರಿದಂತೆ ಅಗಲವಾಗುವುದರಿಂದ ಮೇಲಿನ ಒಂದೊಂದು ಅಡಿಯಲ್ಲಿಯೂ ಅಪಾರ ನೀರು ನಿಂತಿರುತ್ತದೆ, ಎರಡನೇ ಬೆಳೆಯ ಆಸೆಯೂ ಅದರಲ್ಲೇ ಇರುತ್ತದೆ. ನೀರು ರಭಸದಿಂದ ಹರಿಯುತ್ತಿರುವಾಗಲೇ ತಂತ್ರಜ್ಞರು ಅಲ್ಲಿ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ತಡೆದದ್ದು ನಿಜಕ್ಕೂ ದೊಡ್ಡ ಕೆಲಸ. ಆ ತಾತ್ಕಾಲಿಕ ತಡೆಯ ಹೆಸರು ಸ್ಟಾಪ್ ಲಾಗ್. ‘ಹೊಸ ಕ್ರೆಸ್ಟ್ ಗೇಟ್ ಕೂರಿಸಿದರು’ ಎಂದು ಬರೆದರೆ ತಪ್ಪಾಗುತ್ತದೆ.

ಕ್ರಿಯಾಪದದ ಆಯ್ಕೆಯಲ್ಲಿ ವಿಶೇಷ ಎಚ್ಚರ ಬೇಕು. ಇಲ್ಲಿ ಗೇಟನ್ನು ಮೇಲೆತ್ತಿದಾಗ ಅದರ ಅಡಿಯಿಂದ ನೀರು ನುಗ್ಗುತ್ತದೆ. ಆದ್ದರಿಂದ ‘ಎತ್ತಿದರು’ ಎಂದರೆ ತೆರೆದರು, ‘ಇಳಿಸಿದರು’ ಎಂದರೆ ಮುಚ್ಚಿದರು ಎಂದರ್ಥ. ಎಷ್ಟು ಗೇಟು, ತಲಾ ಎಷ್ಟು ಅಡಿ, ಒಟ್ಟು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಹರಿಯುವ ಘನ ಅಡಿ ನೀರು) ಎಂಬ ಮೂರೂ ವಿವರಗಳಿಲ್ಲದೆ ‘ಗೇಟ್ ತೆರೆದರು’ ಎಂದಷ್ಟೇ ಹೇಳಿದರೆ ಕಂಪ್ಲಿ–ಗಂಗಾವತಿ ಸೇತುವೆ ದಾಟಬೇಕಾದವರಿಗೆ ಏನೂ ತಿಳಿಯುವುದಿಲ್ಲ. ಹರಿವನ್ನು ಕ್ಯೂಸೆಕ್‌ನಲ್ಲಿಯೂ ಸಂಗ್ರಹವನ್ನು ಟಿಎಂಸಿಯಲ್ಲಿಯೂ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೇಳಬೇಕು. ಸುಮಾರು 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿಯಾಗುತ್ತದೆ.

ಪತ್ರಿಕೆಗಳಲ್ಲಿ ‘ಕ್ರಸ್ಟ್’ ಎಂಬ ರೂಪವೇ ರೂಢಿಯಾಗಿದೆ. ಇಂಗ್ಲಿಷಿನಲ್ಲಿ ಆ ಉಚ್ಚಾರಣೆಯ ಪದಕ್ಕೆ ಹೊರಪದರ ಎಂಬ ಬೇರೆಯೇ ಅರ್ಥವಿರುವುದರಿಂದ ‘ಕ್ರೆಸ್ಟ್’ ಎಂದೇ ಬರೆಯುವುದು ಮೇಲು. ವಿಭಕ್ತಿ ಪ್ರತ್ಯಯ ಕೊನೆಯ ಪದಕ್ಕೆ ಸೇರುತ್ತದೆ: ಕ್ರೆಸ್ಟ್ ಗೇಟಿನ, ಕ್ರೆಸ್ಟ್ ಗೇಟಿಗೆ, ಕ್ರೆಸ್ಟ್ ಗೇಟುಗಳಿಂದ.

‘ಎಡದಂಡೆ ಕಾಲುವೆಗೆ ಕ್ರೆಸ್ಟ್ ಗೇಟ್ ಮೂಲಕ ನೀರು ಬಿಡಲಾಯಿತು’ ಎಂಬ ವಾಕ್ಯ ಸರಿಯಲ್ಲ. ಕಾಲುವೆಗಳಿಗೆ ಬೇರೆ ತೂಬುಗಳಿದ್ದು, ಕ್ರೆಸ್ಟ್ ಗೇಟಿನಿಂದ ಹೊರಟ ನೀರು ನದಿಗೇ ಸೇರುತ್ತದೆ. ಕಾಲುವೆಯ ಕೊನೆಭಾಗದ ರೈತರಿಗಾಗಿ ಬರೆಯುವಾಗ ‘ಎಡದಂಡೆ ಕಾಲುವೆಯ ತೂಬಿನಿಂದ ನೀರು ಬಿಡಲಾಯಿತು’ ಎಂದೂ, ನದಿದಂಡೆಯವರಿಗಾಗಿ ಬರೆಯುವಾಗ ‘ಹತ್ತು ಕ್ರೆಸ್ಟ್ ಗೇಟುಗಳನ್ನು ತಲಾ ಎರಡು ಅಡಿ ಎತ್ತಿ ನದಿಗೆ ನೀರು ಬಿಡಲಾಗಿದೆ’ ಎಂದೂ ಬರೆದು, ಅದರ ಮುಂದೆ ಆ ಹೊತ್ತಿನ ಕ್ಯೂಸೆಕ್ ಪ್ರಮಾಣವನ್ನೂ ಸಮಯವನ್ನೂ ನಮೂದಿಸಬೇಕು.