ಅಮೈಲಾಯ್ಡ್ ತಂತು ಕಟ್ಟುವುದನ್ನು ಕಂಪ್ಯೂಟರಿನಲ್ಲಿ ನೋಡುವ ಬಗೆ

ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ತಂತುಗಳು ಅಮೈಲಾಯ್ಡ್ ಬೀಟಾ ಎಂಬ ಪೆಪ್ಟೈಡಿನಿಂದ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಕಟ್ಟಿದವು; ಅದರಲ್ಲಿ ಹೆಚ್ಚಾಗಿ 40 ಅಥವಾ 42 ಅಮೈನೋ ಆಮ್ಲಗಳಿರುತ್ತವೆ. ದಾವಣಗೆರೆಯಲ್ಲಿ ನನ್ನ ಬಳಿ ಪ್ರಾಜೆಕ್ಟಿಗೆ ಬರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಇಡೀ ಪೆಪ್ಟೈಡು ತಂತು ಕಟ್ಟುವುದರ ಸಿಮ್ಯುಲೇಶನ್ (ಪರಮಾಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು) ಮಾಡುತ್ತೇವೆಂದು ಹೊರಡುತ್ತಾರೆ; ಒಂದೇ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರಿಗೆ ಅದು ನಿಲುಕುವ ಕೆಲಸವಲ್ಲ. ಅದರ 16ರಿಂದ 22ರವರೆಗಿನ ಏಳು ಅಮೈನೋ ಆಮ್ಲಗಳ ತುಣುಕಿನಿಂದ ಆರಂಭಿಸಿ. ಈ ತುಣುಕು ಪ್ರಯೋಗಾಲಯದಲ್ಲಿಯೂ ತಾನಾಗಿ ತಂತು ಕಟ್ಟುತ್ತದೆ ಮತ್ತು ತಟಸ್ಥ ದ್ರಾವಣದಲ್ಲಿ ಅದರ ನೆರೆಯ ಎಳೆಗಳು (ಚಾಚಿಕೊಂಡ ಪೆಪ್ಟೈಡುಗಳು) ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಕೂಡುತ್ತವೆ ಎಂಬುದು ತಿಳಿದಿರುವುದರಿಂದ, ನಿಮ್ಮ ಫಲಿತಾಂಶವನ್ನು ಹೋಲಿಸಲು ಆಧಾರವೊಂದು ಸಿಗುತ್ತದೆ. ತುದಿಗಳನ್ನು ಅಸಿಟೈಲ್ ಮತ್ತು ಅಮೈಡ್ ಗುಂಪುಗಳಿಂದ ಮುಚ್ಚಿರಿ; ಇಲ್ಲವಾದರೆ ಇಡೀ ಪೆಪ್ಟೈಡಿನ ಆ ಜಾಗದಲ್ಲಿ ಇಲ್ಲದ ವಿದ್ಯುದಂಶ ಅಲ್ಲಿ ಉಳಿಯುತ್ತದೆ.

ತಂತ್ರಾಂಶಕ್ಕೆ ಉಚಿತವಾಗಿ ಸಿಗುವ ಗ್ರೋಮ್ಯಾಕ್ಸ್ ಸಾಕು. ಪರಮಾಣುಗಳ ನಡುವಿನ ಬಲಗಳನ್ನು ವಿವರಿಸುವ ಫೋರ್ಸ್ ಫೀಲ್ಡಿನ ಆಯ್ಕೆಯಲ್ಲಿ ಅವಸರ ಬೇಡ, ಏಕೆಂದರೆ ಹಳೆಯ ಕೆಲವು ಪೆಪ್ಟೈಡುಗಳನ್ನು ಅತಿಯಾಗಿ ಅಂಟಿಸುತ್ತವೆ. ನಿಶ್ಚಿತ ಮಡಿಕೆಯಿಲ್ಲದ ಪೆಪ್ಟೈಡುಗಳನ್ನೂ ಗಮನದಲ್ಲಿಟ್ಟುಕೊಂಡು 2017ರಲ್ಲಿ ಬಂದ ಚಾರ್ಮ್36ಎಂ ಅನ್ನು ನಾನು ಬಳಸುತ್ತೇನೆ.

ಬದಿಗೆ 10 ನ್ಯಾನೋಮೀಟರಿನ ಘನ ಪೆಟ್ಟಿಗೆಯಲ್ಲಿ ಆರು ಪೆಪ್ಟೈಡುಗಳನ್ನು ದೂರ ದೂರ ಇರಿಸಿ ನೀರು ತುಂಬಿದರೆ ಸುಮಾರು 33 ಸಾವಿರ ನೀರಿನ ಅಣುಗಳಾಗುತ್ತವೆ, ಅಂದರೆ ಒಟ್ಟು ಒಂದು ಲಕ್ಷದಷ್ಟು ಪರಮಾಣುಗಳು. ಆಗ ಸಾಂದ್ರತೆ ಸುಮಾರು 10 ಮಿಲಿಮೋಲಾರ್. ಮಿದುಳಿನ ದ್ರವದಲ್ಲಿ ಅಮೈಲಾಯ್ಡ್ ಬೀಟಾ ಇರುವುದು ನ್ಯಾನೋಮೋಲಾರ್ ಮಟ್ಟದಲ್ಲಿ, ಅಂದರೆ ಲಕ್ಷಾಂತರ ಪಟ್ಟು ಕಡಿಮೆ. ಈ ಅಂತರವನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ ಮತ್ತು ಸಿಮ್ಯುಲೇಶನ್ನಿನ ವೇಗವನ್ನು ಕಾಯಿಲೆಯ ವೇಗಕ್ಕೆ ಹೋಲಿಸಬೇಡಿ.

ಉಪ್ಪು ಸೇರಿಸಿ, ಶಕ್ತಿಯನ್ನು ತಗ್ಗಿಸಿ, 310 ಕೆಲ್ವಿನ್‌ನಲ್ಲಿ ವ್ಯವಸ್ಥೆಯನ್ನು ಸಮತೋಲನಕ್ಕೆ ತಂದ ಮೇಲೆ ಸಿಮ್ಯುಲೇಶನ್ನಿನ ಓಟ ಆರಂಭಿಸಿ. ಲೆಕ್ಕದ ಹೆಜ್ಜೆಯೊಂದು 2 ಫೆಮ್ಟೋಸೆಕೆಂಡ್ ಆದ್ದರಿಂದ ಒಂದು ಮೈಕ್ರೋಸೆಕೆಂಡಿಗೆ 50 ಕೋಟಿ ಹೆಜ್ಜೆಗಳು ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಗಾಬರಿಯಾಗಬೇಡಿ. ಗ್ರೋಮ್ಯಾಕ್ಸ್ 15 ನಿಮಿಷಕ್ಕೊಮ್ಮೆ ಅಲ್ಲಿಯವರೆಗಿನ ಸ್ಥಿತಿಯ ಚೆಕ್‌ಪಾಯಿಂಟ್ ಉಳಿಸುತ್ತದೆ, ಮತ್ತೆ ಓಡಿಸುವಾಗ -cpi ಆಯ್ಕೆ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ.

ನಿಜವಾದ ಕೆಲಸ ಇರುವುದು ವಿಶ್ಲೇಷಣೆಯಲ್ಲಿ. ನೀರನ್ನು ಒಲ್ಲದ ಭಾಗಗಳು ಬೇಗನೆ ಒಂದನ್ನೊಂದು ಹಿಡಿದುಕೊಂಡು ಅಸ್ತವ್ಯಸ್ತ ಗುಂಪಾಗುತ್ತವೆ, ಅದು ತಂತುವಲ್ಲ. ಹತ್ತಿ ಗಿರಣಿಗಳನ್ನು ಕಂಡ ಈ ಊರಿನಲ್ಲಿ ಅರಳೆಯ ಉಂಡೆಗೂ ನೂಲಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಡಿಎಸ್‌ಎಸ್‌ಪಿ ವಿಧಾನದಿಂದ (ಹೈಡ್ರೋಜನ್ ಬಂಧಗಳನ್ನು ನೋಡಿ ಪೆಪ್ಟೈಡಿನ ಆಕಾರ ಗುರುತಿಸುವ ವಿಧಾನ) ಬೀಟಾ ಹಾಳೆಯ, ಅಂದರೆ ಎಳೆಗಳು ಪಕ್ಕಪಕ್ಕ ಹೈಡ್ರೋಜನ್ ಬಂಧಗಳಿಂದ ಕೂಡಿದ ರಚನೆಯ, ಪ್ರಮಾಣವನ್ನು ಅಳೆಯಿರಿ. ಒಂದೇ ಹಾಳೆಯ ನೆರೆಯ ಎಳೆಗಳ ನಡುವೆ ಸುಮಾರು 0.48 ನ್ಯಾನೋಮೀಟರ್, ಹಾಳೆಗಳ ನಡುವೆ ಸುಮಾರು 1 ನ್ಯಾನೋಮೀಟರ್ ಅಂತರವಿದೆಯೇ ನೋಡಿ. ಎಳೆಗಳ ದಿಕ್ಕನ್ನೂ ಎಣಿಸಿ. ಒಂದು ಬದಿಯಿಂದ ಹೊರಟದ್ದು ಎದುರು ಬದಿಯಿಂದ ಒಳಬರುವುದರಿಂದ ಪೆಟ್ಟಿಗೆಯ ಅಂಚಿನಲ್ಲಿ ತುಂಡಾದಂತೆ ಕಾಣುವ ಪೆಪ್ಟೈಡುಗಳನ್ನು ಮೊದಲೇ ಜೋಡಿಸಿಕೊಳ್ಳದಿದ್ದರೆ ಈ ಲೆಕ್ಕಗಳು ತಪ್ಪಬಹುದು.

ಬೇರೆ ಬೇರೆ ಆರಂಭಿಕ ವೇಗಗಳಿಂದ ಕನಿಷ್ಠ ಐದು ಓಟಗಳನ್ನು ನಡೆಸಿ. ಚಿತ್ರದುರ್ಗದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಮೊದಲ ಓಟದಲ್ಲೇ ಸೊಗಸಾದ ಹಾಳೆ ಸಿಕ್ಕಿತು, ಉಳಿದ ನಾಲ್ಕರಲ್ಲಿ ಗುಂಪುಗಳಷ್ಟೇ ಉಳಿದವು. ಅವಳು ಐದನ್ನೂ ವರದಿಯಲ್ಲಿಟ್ಟಳು, ಆ ವರದಿಯನ್ನು ನಾನು ಈಗಲೂ ಹೊಸಬರಿಗೆ ತೋರಿಸುತ್ತೇನೆ.

ತಂತು ಬೆಳೆಯುವುದನ್ನೇ ನೋಡಬೇಕೆಂದಿದ್ದರೆ, ಸಿದ್ಧ ಹಾಳೆಯ ತುಣುಕೊಂದನ್ನು ಬೀಜವಾಗಿಟ್ಟು ಅದರ ತುದಿಯ ಬಳಿ ಒಂಟಿ ಪೆಪ್ಟೈಡನ್ನು ಬಿಡಿ. ಅದು ಮೊದಲು ಸಡಿಲವಾಗಿ ತಗುಲಿ, ಆಮೇಲೆ ನಿಧಾನವಾಗಿ ಹೈಡ್ರೋಜನ್ ಬಂಧಗಳನ್ನು ಸರಿಪಡಿಸಿಕೊಳ್ಳುತ್ತದೆ. ಪ್ರತಿಯೊಂದು ಬಂಧ ಕೂಡುವ ಗಳಿಗೆಯನ್ನೂ ಗುರುತು ಹಾಕಿಕೊಳ್ಳಿ.